ಬೀಗರ ಸಪ್ಪೆ ಮೆಣಸಿನಕಾಯಿ

ಹೊಸ ತಳಿ ಬೆಳೆಸುವ ಕೇಂದ್ರದಲ್ಲಿ ಕೆಲಸಕ್ಕಿರುವ ಅವರನ್ನು ಅಲ್ಲಿ ಎಲ್ಲರೂ 'ಬೀಗರು' ಎಂದೇ ಕರೆಯುತ್ತಾರೆ. ಮೆಣಸಿನ ಗಿಡಗಳಿಗೆ ಮದುವೆ ಮಾಡಿಸುವುದೇ ಅವರ ಕಸುಬು. ಮೊಗ್ಗು ಅರಳುವ ಮುಂಚೆಯೇ ಚಿಮುಟದಲ್ಲಿ ಕೇಸರ ಕಿತ್ತು, ಬೇರೆ ಗಿಡದ ಪರಾಗ ಸವರಿ, ಗುರುತಿಗೆ ದಾರ ಕಟ್ಟುತ್ತಾರೆ. ಆ ಬೀಜದಿಂದ ಹುಟ್ಟಿದ ಮೊದಲ ಪೀಳಿಗೆಯ ಗಿಡಗಳನ್ನು ತೋರಿಸಿ, "ಮಕ್ಕಳನ್ನ ನೋಡಿ ಮೋಸ ಹೋಗ್ಬೇಡಿ, ಮನೆತನದ ಗುಣ ಗೊತ್ತಾಗೋದು ಮೊಮ್ಮಕ್ಕಳಲ್ಲೇ" ಎನ್ನುತ್ತಾರೆ. ಗಿಡಕ್ಕೊಂದು ಕಾಯಿ ಕಚ್ಚಿ ನೋಡುತ್ತಾರೆ; ಬಾಯಿ ಉರಿಯಿತೋ, ಮುಖ ಸಪ್ಪಗಾಗಿ ಆ ಗಿಡವನ್ನೇ ಕಿತ್ತೆಸೆಯುತ್ತಾರೆ. ಖಾರವಿಲ್ಲದ ಮೆಣಸಿನಕಾಯಿ ಯಾರಿಗೆ ಬೇಕೆಂದು ಜೊತೆಯವರು ನಕ್ಕರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೆಣಸಿನಕಾಯಿಗೆ ಜೀವ ಬಿಡುತ್ತಿದ್ದ ಅವರ ಮನೆಯಾಕೆ, ಹೊಟ್ಟೆಯ ಆಪರೇಷನ್ ಆದಮೇಲೆ ಒಂಬತ್ತು ವರ್ಷದಿಂದ ಪಥ್ಯದ ಊಟ ಉಣ್ಣುತ್ತಿದ್ದಾರೆ. ಮೊನ್ನೆ ಬೀಗರು ತಂದಿಟ್ಟ ಕಾಯಿಯನ್ನು ಆಕೆ ಅಂಜುತ್ತಲೇ ಕಚ್ಚಿದರು. "ಘಮ ಎಲ್ಲಾ ಅದೇ, ಖಾರ ಮಾತ್ರ ಎಲ್ರೀ?" ಎಂದು ಗದರುತ್ತಲೇ ಮೂರನೆಯದಕ್ಕೆ ಕೈ ಚಾಚಿದರು.