ಎಳ್ಳಮವಾಸ್ಯೆಗೆ ರಜೆ ಕೊಟ್ಟ ಸ್ಟಾಪ್ ಲಾಸ್

ಔರಾದಿನ ಕಾಲೇಜೊಂದರಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಬೀದರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬರುತ್ತೇನೆ. ಇದರಿಂದ ಬಿಡುಗಡೆಯಾಗಲು ಸ್ಕೂಟರ್ ಕೊಳ್ಳಬೇಕೆಂದು ಸಂಬಳದಲ್ಲಿ ಉಳಿಸಿದ್ದೆ. ಹಣ ಬ್ಯಾಂಕಿನಲ್ಲಿ ಸುಮ್ಮನೆ ಕೂತಿತ್ತು. ಸುಮ್ಮನೆ ಕೂತ ಹಣ ಓದಿದವರ ಕಣ್ಣಿಗೆ ಸೋಮಾರಿಯಂತೆ ಕಾಣುತ್ತದೆ. ಅದನ್ನು ಕ್ರಿಪ್ಟೋದಲ್ಲಿ ದುಡಿಯಲು ಹಚ್ಚಿದೆ. ಸ್ಕೂಟರಿನ ಜೊತೆಗೆ ಒಳ್ಳೆಯ ಹೆಲ್ಮೆಟ್ಟೂ ಬರಲಿ ಎಂಬ ಸಾತ್ವಿಕ ಆಸೆ.

ಸ್ಕೂಟರಿನ ಸುದ್ದಿ ನೆಂಟರಿಗೆಲ್ಲ ಗೊತ್ತಿತ್ತು, ಕ್ರಿಪ್ಟೋದ ಸುದ್ದಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥ ಅಪಾಯವೂ ಇರಲಿಲ್ಲ, ಯಾಕೆಂದರೆ ನನ್ನ ಬಳಿ ಸ್ಟಾಪ್ ಲಾಸ್ ಇತ್ತು. ಬೆಲೆ ನಾನು ಎಳೆದ ಗೆರೆಗಿಂತ ಕೆಳಗಿಳಿದರೆ, ನನ್ನನ್ನು ಕೇಳದೆ ಮಾರಿಬಿಡು ಎಂದು ಆ್ಯಪಿಗೆ ಕೊಟ್ಟಿಟ್ಟ ಆದೇಶ ಅದು. ಭಯ, ಆಸೆ ಎರಡೂ ಇಲ್ಲದ ಯಂತ್ರಕ್ಕೆ ನನ್ನ ಭಯ, ಆಸೆಗಳನ್ನು ವಹಿಸಿಕೊಟ್ಟು ನಿಶ್ಚಿಂತಳಾದೆ. ದಿನಕ್ಕೆ ಒಂದೇ ಸಲ ಬೆಲೆ ನೋಡುವುದೆಂದು ನಿಯಮವನ್ನೂ ಮಾಡಿಕೊಂಡೆ. ಆ ಒಂದು ಸಲ ಬೆಳಿಗ್ಗೆ ಏಳುತ್ತಲೇ ಶುರುವಾಗಿ ಮಲಗುವ ತನಕ ನಡೆಯುತ್ತಿತ್ತು.

ಎಳ್ಳಮವಾಸ್ಯೆಯ ಹಿಂದಿನ ದಿನ ಗುಜರಿಯವನು ಬಾಗಿಲಿಗೆ ಬಂದ. ನಮ್ಮ ಕೆಟ್ಟ ಕೂಲರ್ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

"ನಾಳಿ ಗಾಡಿ ತಗೊಂಡ್ ಬರ್ಲೇನ್ರಿ, ಅಕ್ಕಾ?"

"ನಾಳಿ ಅಮಾಸಿ ಅದಲಪಾ," ಅಂದಳು ಅವ್ವ. "ಅಮಾಸಿ ದಿನಾ ಮನ್ಯಾಗಿಂದು ಮಾರಿ ಲಕ್ಷ್ಮೀಗಿ ಹೊರಗ ಹಾಕ್ಲೇನು? ನಾಡದು ಬಾ."

"ಕೂಲರ್ ಲಕ್ಷ್ಮೀ ಹ್ಯಾಂಗ ಆಯ್ತದ್ರಿ? ತುಕ್ಕು ಹಿಡದದ."

"ನೀ ಒಯ್ಯಾತನಕಾ ಲಕ್ಷ್ಮೀನೇ."

ಒಳಕೋಣೆಯಲ್ಲಿ ಕೂತು ನಾನು ನಕ್ಕೆ. ಸ್ನಾತಕೋತ್ತರ ಪದವೀಧರೆಯ ನಗು. ನಕ್ಕು ಮುಗಿಸಿ, ಫೋನ್ ತೆಗೆದು, ಸ್ಟಾಪ್ ಲಾಸ್ ರದ್ದು ಮಾಡಿದೆ. ನನಗೆ ನಂಬಿಕೆ ಇತ್ತೆಂದಲ್ಲ. ಒಂದೇ ದಿನದ ಮಾತು, ಅಮವಾಸ್ಯೆಯಂದೇ ಅದು ತಾನಾಗಿ ಮಾರಿಬಿಟ್ಟರೆ ಸುಮ್ಮನೆ ಮನಸ್ಸಿಗೆ ಕಿರಿಕಿರಿ, ಅಷ್ಟೇ.

ಮರುದಿನ ಹಬ್ಬದ ಊಟಕ್ಕೆ ಭಾಲ್ಕಿಯ ಸೋದರಮಾವನ ಮನೆಯವರ ಜೊತೆ ಭಾತಂಬ್ರಾದ ಅವರ ಹೊಲಕ್ಕೆ ಹೋದೆವು. ಮಾವ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದ. ಕಂಬಳಿ ಹಾಸಿ ಎಲ್ಲರೂ ಹಸಿಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಗೆ ಕೂತರು. ನನ್ನ ಫೋನಿಗೆ ಮಾತ್ರ ನೆಟ್‌ವರ್ಕ್ ಇಲ್ಲ. ಬಾವಿಯ ದಂಡೆ ಹತ್ತಿದೆ, ಪಂಪಿನ ಕೋಣೆಯ ಕಟ್ಟೆ ಹತ್ತಿದೆ, ಕೈ ಮೇಲೆತ್ತಿ ನಿಂತೆ.

"ಯಾನ್ ಮಾಡ್ಲತ್ತಿ ಪೋರಿ? ಹಕ್ಕಿ ಹೊಡಿಲತ್ತೇನು?" ಮಾವ ಕೂಗಿದ.

"ಫೋಟೊ ತೆಗಿಲತ್ತೀನಿ, ಮಾಮಾ."

"ಆಕಾಶದ್ದಾ? ಇಳಿ, ಭಜ್ಜಿ ತಣ್ಣಗಾಯ್ತದ."

ವರ್ಷಕ್ಕೊಮ್ಮೆ ಸಿಗುವ ಆ ಭಜ್ಜಿ ಆ ಸಲ ಹೇಗಿತ್ತೋ ನನಗೆ ಗೊತ್ತಿಲ್ಲ. ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.

ಸಂಜೆ ಭಾಲ್ಕಿ ಮುಟ್ಟಿದಾಗ ಫೋನಿಗೆ ಜೀವ ಬಂತು. ಮಧ್ಯಾಹ್ನ ಬೆಲೆ ನನ್ನ ಗೆರೆಯ ಕೆಳಗೆ ಕುಸಿದು, ನಾವು ಊಟ ಮುಗಿಸುವಷ್ಟರಲ್ಲಿ ಮೇಲೆದ್ದು, ಮೊದಲಿಗಿಂತ ಎತ್ತರದಲ್ಲಿ ನಿಂತಿತ್ತು. ಸ್ಟಾಪ್ ಲಾಸ್ ಇದ್ದಿದ್ದರೆ ನಷ್ಟಕ್ಕೆ ಮಾರಿಹೋಗುತ್ತಿತ್ತು. ಗುಜರಿಯವನೂ ಹೇಳಿದ ದಿನ ಬಂದು, ಮೊದಲು ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಕೂಲರ್ ಒಯ್ದ.

"ನೋಡು, ಕಾದ್ರ ರೇಟ್ ಬರ್ತದ," ಅಂದಳು ಅವ್ವ.

ಒಂದೇ ಒಂದು ಘಟನೆಯಿಂದ ಯಾವ ತೀರ್ಮಾನಕ್ಕೂ ಬರಬಾರದೆಂದು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತೇನೆ. ಇಲ್ಲಿ ಘಟನೆಗಳು ಎರಡಿದ್ದವು, ಕೂಲರ್ ಸೇರಿಸಿ. ಸ್ಟಾಪ್ ಲಾಸ್ ಮತ್ತೆ ಹಾಕಲಿಲ್ಲ.

ಮುಂದೆ ಬೆಲೆ ಬಿದ್ದಾಗ ನಾನು ಔರಾದಿನ ಬಸ್ಸಿನಲ್ಲಿದ್ದೆ. ಈ ಸಲ ನೆಟ್‌ವರ್ಕ್ ಭರ್ತಿಯಾಗಿತ್ತು. ಗೆರೆ ದಾಟಿತು, ಆವತ್ತಿನಂತೆ ಏಳುತ್ತದೆ ಎಂದುಕೊಂಡೆ. ಇನ್ನೂ ಇಳಿಯಿತು, ಇಷ್ಟು ಇಳಿದ ಮೇಲೆ ಮಾರುವುದು ಮೂರ್ಖತನ ಎಂದುಕೊಂಡೆ. ಪಕ್ಕದಲ್ಲಿ ಎಕಂಬಾಕ್ಕೆ ಹೊರಟಿದ್ದ ಮುದುಕಿಯೊಬ್ಬಳು ನನ್ನ ಮುಖ ನೋಡಿ, ಕಿಟಕಿ ಪೂರ್ತಿ ತೆರೆದು, "ವಾಂತಿ ಬರ್ಲತ್ತದೇನವ್ವಾ?" ಎಂದು ಕೇಳಿದಳು. ಬಸ್ಸಿನಲ್ಲಿ ನನಗೆ ಎಂದೂ ವಾಂತಿ ಬಂದಿಲ್ಲ. ಆದರೂ ಹೌದೆಂದು ಹೇಳಿ ಅವಳು ಕೊಟ್ಟ ನಿಂಬೆಹಣ್ಣು ಮೂಸಿದೆ. ಅದೇ ವಾರ ಎಲ್ಲವನ್ನೂ ಮಾರಿದೆ. ಯಾವ ಗೆರೆಯ ಲೆಕ್ಕವೂ ಅಲ್ಲ, ನೋಡುವುದು ಸಾಕಾಗಿತ್ತು. ಕೈಗೆ ಬಂದದ್ದು ಅರ್ಧ ಸ್ಕೂಟರ್. ಅರ್ಧವನ್ನು ಯಾವ ಶೋರೂಮಿನವರೂ ಮಾರುವುದಿಲ್ಲ.

ಯುಗಾದಿಗೆ ಬಂದ ಮಾವ ಅಂಗಳವನ್ನೆಲ್ಲ ಹುಡುಕುವವನಂತೆ ನೋಡಿದ.

"ಎಲ್ಲದ ನಿನ್ನ ಸ್ಕೂಟಿ?"

"ನನಗ ಬೇಕಾದ ಬಣ್ಣ ಸಿಗವಲ್ದು, ಮಾಮಾ."

"ತಡಿಲಿ ಬಿಡು," ಅಂದಳು ಅವ್ವ ಒಳಗಿನಿಂದ. "ಕಾದ್ರ ರೇಟ್ ಬರ್ತದ."

ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ನೋಡಿ ಎಂದಿನಂತೆ ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆ. ಬೆಳಿಗ್ಗೆ ಸೊನ್ನೆ, ಸಂಜೆಯೂ ಸೊನ್ನೆ. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತೆ.