ಉರಿಯದ ಕೈ

ಪಂಕಜಾಕ್ಷಿಯಕ್ಕನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ಕೂತರೂ ಕಾಲು ಮಿಷನ್ ತುಳಿಯುತ್ತಲೇ ಇರುತ್ತದೆ. ಇಪ್ಪತ್ತು ವರ್ಷದಿಂದ ಬೀಜ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ ಸಿಡಿದರೆ ಚರ್ಮ ಸುಡುತ್ತದೆ. ಉಳಿದ ಹೆಂಗಸರು ಕೈಗೆ ಹರಳೆಣ್ಣೆ ಬಳಿದುಕೊಂಡೂ ಒದ್ದಾಡುತ್ತಾರೆ. ಇವಳದು ಮಾತ್ರ ಮೂರು ವರ್ಷದಿಂದ ಒಂದೇ ಜಂಬ: "ನನ್ನ ಕೈಗೆ ಅದೆಲ್ಲ ನಾಟುದಿಲ್ಲ ಮಾರಾಯ್ತಿ."

ನಾನು ಐವರ್ನಾಡಿನ ಆಶಾ ಕಾರ್ಯಕರ್ತೆ. ಕುಷ್ಠರೋಗದ ಸಮೀಕ್ಷೆಗೆ ಹೋದಾಗ ಅವಳ ಬೆನ್ನಿನಲ್ಲಿ ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆ ಕಂಡದ್ದು ನನಗೇ. ಕೈಯ ಕಲೆಗಳ ಬಗ್ಗೆ ಕೇಳಿದರೆ, ಬೀಜದ ಎಣ್ಣೆಯದ್ದು, ಫ್ಯಾಕ್ಟರಿಯವರಿಗೆಲ್ಲ ಉಂಟು ಎಂದಳು. ನಾನೂ ಜಾಣೆಯ ಹಾಗೆ ತಲೆಯಾಡಿಸಿ 'ಮಚ್ಚೆ ಒಂದು' ಎಂದು ಬರೆದೆ. ಸುಳ್ಯದಲ್ಲಿ ಡಾಕ್ಟರ್ ದೀಪ್ತಿಯವರಿಗೂ ಅದನ್ನೇ ಒಪ್ಪಿಸಿದೆವು. ಐದರವರೆಗೆ ಮಚ್ಚೆಯಾದರೆ ಆರು ತಿಂಗಳ ಮದ್ದು, ಹೆಚ್ಚಾದರೆ ಒಂದು ವರ್ಷ. ಡಾಕ್ಟರಿಗೆ ಏನೋ ಸಂಶಯ ಬಂತು. ಮಚ್ಚೆಯಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು.

ವರದಿ ಬರುವವರೆಗಿನ ಹತ್ತು ದಿನ ಅವಳು ನನ್ನನ್ನೂ ಕೂರಲು ಬಿಡಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವುದು, ನನಗೆ ಫೋನು ಮಾಡುವುದು, ಕಿರುಬೆರಳು ಬಗ್ಗಿದೆಯೇ ಎಂದು ಕೇಳುವುದು. ಬೆರಳು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ತಾನೇ ಇಲ್ಲ ಎಂಬ ಹೆದರಿಕೆ. ಬಯ್ದು ಫೋನಿಟ್ಟು, ವರದಿ ಬಂತಾ ಎಂದು ನಾನೇ ಆಸ್ಪತ್ರೆಗೆ ಫೋನು ಮಾಡುತ್ತಿದ್ದೆ.

ವರದಿ ಬಂತು. ಒಂದೇ ಮಚ್ಚೆಯ ಕಾಯಿಲೆಯಲ್ಲಿ ಇರಬಾರದಷ್ಟು ರೋಗಾಣು. ನಾವು ಬರೆದದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ಡಾಕ್ಟರ್ ನನ್ನ ಮುಖ ನೋಡಿದರು. ಅವಳನ್ನು ಕಣ್ಣು ಮುಚ್ಚಿ ಕೂರಿಸಿ, ಮುಟ್ಟಿದ ಕೂಡಲೇ ಹೇಳಬೇಕೆಂದರು. ಪೆನ್ನಿನ ತುದಿ ಕೈಗಳ ಮೇಲಿನ ಕಲೆಗಳನ್ನು ಒಂದೊಂದಾಗಿ ಒತ್ತುತ್ತಾ ಹೋಯಿತು. ಆರು. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಶುರು ಮಾಡುದಿಲ್ವಾ ಡಾಕ್ಟ್ರೇ?" ಎಂದಳು ಪಂಕಜಾಕ್ಷಿಯಕ್ಕ, ಕಣ್ಣು ಮುಚ್ಚಿಕೊಂಡೇ.

ನನಗೆ ನೆಲ ನೋಡದೆ ಬೇರೆ ದಾರಿ ಇರಲಿಲ್ಲ. ಆ ಜಂಬವನ್ನು ಕೇಳಿ ಮೂರು ವರ್ಷ ನಕ್ಕವಳಲ್ಲವೇ ನಾನು.

ಬೆನ್ನಿನದೂ ಸೇರಿ ಮಚ್ಚೆ ಏಳು, ಮದ್ದು ಒಂದು ವರ್ಷ. ಕಾಯಿಲೆ ಖಂಡಿತ ವಾಸಿಯಾಗುತ್ತದೆ, ಬೆರಳು ಉಳಿಸಿಕೊಳ್ಳಬಹುದು, ಆದರೆ ಸ್ಪರ್ಶದ ಬಗ್ಗೆ ಮಾತು ಕೊಡಲಾರೆ ಎಂದರು ಡಾಕ್ಟರ್. ಬಸ್ ಸ್ಟ್ಯಾಂಡಿಗೆ ಅವಳೇ ಮುಂದೆ ನಡೆದಳು. ಬಸ್ ಬಂದಾಗ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದಳು.

"ಒಂದು ಸಲ ಉರೀಲಿ ಅಂತ ಉಂಟು ಭವಿತಾ. ಬೊಬ್ಬೆ ಹಾಕುವಷ್ಟು ಉರೀಲಿ."