ಕಾಕು ಕೊಟ್ಟ ಬೆಲ್ಲದ ಚಹಾ

ಕಳೆದ ವಾರ ದವಾಖಾನೆಯಲ್ಲಿ ನರ್ಸ್ ನನ್ನ ತೋಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದಳು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆ ವಾಸನೆಗೆ ನಾನು ಆಗಲೇ ರಾಯಬಾಗದ ಹಳೆಯ ಓಣಿಗೆ, ಚಿಕ್ಕಮ್ಮನಂತಿದ್ದ ಪಕ್ಕದ ಮನೆ ಕಾಕುವಿನ ಹಿತ್ತಿಲಿಗೆ ಹೋಗಿಬಿಟ್ಟಿದ್ದೆ. ಕಲ್ಲಿನ ಮೇಲೊಂದು ಸಣ್ಣ ಸ್ಪಿರಿಟ್ ದೀಪ, ಅದರ ಉರಿಗೆ ಕಾಕು ಚಿಮಟದಲ್ಲಿ ಹಿಡಿದ ಗಾಜಿನ ನಳಿಗೆ, ಒಳಗೆ ನೀಲಿ ಔಷಧ...

ಆಗ ತೊಂಬತ್ತರ ದಶಕ ಶುರುವಾಗಿತ್ತಷ್ಟೇ. ನಾನು ಎರಡನೆಯ ಸಲ ಬಸುರಿ. ಮೊದಲನೆಯ ಕೂಸು ದಿನ ತುಂಬಿದ ಮೇಲೆ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ನೋಡಲು ಬಂದವರು 'ಎಷ್ಟು ದುಂಡಗಿತ್ತು' ಎಂದು ಹೇಳಿ ಹೋಗಿದ್ದರು. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈ ಸಲ ಆರನೆಯ ತಿಂಗಳಲ್ಲಿ ಚಿಕ್ಕೋಡಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎಂದರು. ಮೊದಲನೆಯದೂ ಇದರಿಂದಲೇ ಹೋಗಿರಬಹುದಂತೆ.

"ಸಕ್ಕರಿ ಪೂರಾ ಬಂದ್. ಅನ್ನ ಕಡಿಮಿ ಮಾಡಿ ರೊಟ್ಟಿ, ಪಲ್ಯ, ಕಾಳು ತಿನ್ರಿ. ದಿನಾ ಮುಂಜಾನೆ ಮನ್ಯಾಗ ಮೂತ್ರ ಕಾಸಿ ಬಣ್ಣ ನೋಡ್ರಿ. ಹದಿನೈದು ದಿನದಾಗ ಇಳೀಲಿಲ್ಲಂದ್ರ ಮಿರಜಿಗೆ ಹೋಗಿ ಅಡ್ಮಿಟ್ ಆಗಬೇಕಾಗತೈತಿ."

ಅಡುಗೆಮನೆಯಲ್ಲಿ ಮೂತ್ರ ಕಾಸಲು ನಮ್ಮತ್ತೆ ಬಿಟ್ಟಾರೆಯೇ? ಬಚ್ಚಲಿಗೂ ಬೇಡವೆಂದರು. ಕಡೆಗೆ ಕರೆದವರು ಕಾಕು. "ನಮ್ಮ ಹಿತ್ತಲಕ್ಕ ಬಾರವ್ವಾ, ನನಗ ಇದರ ರೂಢಿ ಐತಿ." ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ಒಳಗೆ ಬರದ ಜೈನರ ಮನೆ ಅದು. ಆದರೆ ಅವರ ಯಜಮಾನರು ಹತ್ತಾರು ವರ್ಷ ಸಕ್ಕರೆ ಕಾಯಿಲೆಯಲ್ಲಿ ನರಳಿ, ಕಾಲು ಕೊಳೆತು ತೀರಿಕೊಂಡಿದ್ದರು. ದೀಪ, ನಳಿಗೆ ಎಲ್ಲ ಆ ಕಾಲದವು.

ಎಂಟು ಹನಿ ಮೂತ್ರ ಬಿಟ್ಟು ಕಾಸಿದಾಗ ಔಷಧ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲವೆಂದು. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಂಗಿ ಬಣ್ಣ ಬಂದರೆ ಕೆಟ್ಟದ್ದು. ನನ್ನದು ದಿನವೂ ಹಳದಿ! ಸಕ್ಕರೆ ಡಬ್ಬಿಯನ್ನೇ ಮುಟ್ಟದವಳಿಗೆ ಹಳದಿ ಎಲ್ಲಿಂದ ಬರಬೇಕು? ಅನ್ನ ಬಿಟ್ಟೆ. ಬಾಳೆಹಣ್ಣು ಬಿಟ್ಟೆ. ಔಷಧ ಹಳೆಯದಿರಬೇಕೆಂದು ಹೊಸ ಬಾಟಲಿ ತರಿಸಿದೆ. ಅತ್ತೆ ಪಲ್ಯಕ್ಕೆ ಸಕ್ಕರೆ ಹಾಕುತ್ತಾರೇನೋ ಎಂಬ ಗುಮಾನಿಯೂ ಬಂತು, ಪಾಪ. ಹೊಟ್ಟೆಯೊಳಗಿನ ಕೂಸು ಒದ್ದಾಗಲೆಲ್ಲ ಸಂತೋಷಪಡಬೇಕೋ ಹೆದರಬೇಕೋ ತಿಳಿಯುತ್ತಿರಲಿಲ್ಲ.

"ಖರೇ ಹೇಳ ಬೇ, ಏನ್ ತಿಂದಿ?" ಎಂದು ಕಾಕು ಕೇಳುತ್ತಿದ್ದರು.

"ಏನೂ ಇಲ್ರಿ ಕಾಕು."

"ನಮ್ಮ ಮನ್ಯಾಗಿನವರೂ ಹಿಂಗ ಅಂತಿದ್ರು. ಪ್ಯಾಟಿಗೆ ಹೋಗಿ ಕದ್ದು ಪೇಡೆ ತಿಂದು ಬರತಿದ್ರು. ಬಣ್ಣ ಸುಳ್ಳ ಹೇಳತೈತೇನು?"

ತಿಂದಿಲ್ಲವೆಂದು ಆ ಮನುಷ್ಯ ಬಸದಿಯಲ್ಲಿ ನಿಂತು ಆಣೆ ಮಾಡಿದ್ದರಂತೆ. ಕಾಕು ನಂಬಿರಲಿಲ್ಲ. ಅದೇ ಸಿಟ್ಟಿಗೆ ಕಡೆಯ ಆರು ತಿಂಗಳು ಅವರ ಜೊತೆ ನೆಟ್ಟಗೆ ಮಾತಾಡಿರಲೂ ಇಲ್ಲ. ಹೀಗೆ ಬೈದು ಮುಗಿಸಿ, ಕೈ ತೊಳೆದು, ನನಗೆ ಒಂದು ಲೋಟ ಚಹಾ ಕೊಡುತ್ತಿದ್ದರು. ಬೆಲ್ಲದ ಚಹಾ. ಸಂಜೆಗೊಂದು, ರಾತ್ರಿ ಊಟದ ಮೇಲೊಂದು ಲೋಟ ಗೋಡೆಯಾಚೆಯಿಂದ ಬರುತ್ತಿತ್ತು. ನಮ್ಮ ಕಡೆ ಬಾಣಂತಿಗೆ, ಬಿಸಿಲಲ್ಲಿ ಬಂದವರಿಗೆ, ಮೈಯಲ್ಲಿ ರಕ್ತ ಕಡಿಮೆ ಇದ್ದವರಿಗೆ ಕೊಡುವುದೇ ಬೆಲ್ಲ. ಸಕ್ಕರೆ ಫ್ಯಾಕ್ಟರಿಯದು, ಬೆಲ್ಲ ನಮ್ಮ ಗಾಣದ್ದು. ಅದನ್ನು ಸಿಹಿ ಎಂದು ಎಣಿಸಿದವರೇ ಇರಲಿಲ್ಲ.

ಹದಿನೈದನೆಯ ದಿನ ಚಿಕ್ಕೋಡಿಗೆ ಕಾಕುವೇ ಜೊತೆಗೆ ಬಂದರು. ರಕ್ತದಲ್ಲೂ ಸಕ್ಕರೆ ಇಳಿದಿರಲಿಲ್ಲ. ಡಾಕ್ಟರಮ್ಮ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿನ್ನುತ್ತೀ ಎಂದು ಒಂದೊಂದನ್ನೇ ಕೇಳಿದರು. ಚಹಾಕ್ಕೆ ಏನು ಹಾಕುತ್ತೀರಿ ಎಂದಾಗ ಕಾಕುವೇ ಹೆಮ್ಮೆಯಿಂದ ಮುಂದೆ ಬಂದರು. "ಬೆಲ್ಲ ರೀ. ಸಕ್ಕರಿ ಮುಟ್ಟಿಸಿಲ್ಲ ಈಕಿಗೆ. ನಮ್ಮ ಮನ್ಯಾಗಿನವರಿಗೂ ಕಡೀತನಕ ಬೆಲ್ಲಾನ ಕೊಟ್ಟೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬೆಲ್ಲಾನೂ ಸಕ್ಕರಿನ ಅಲ್ಲೇನ್ರಿ ಅವ್ವಾರ? ಎರಡೂ ಕಬ್ಬಿನವ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಕಾರಣ ಸಿಕ್ಕಿತ್ತು, ನನ್ನ ಕೂಸು ಉಳಿಯುತ್ತದೆ! ನಗುತ್ತಲೇ ಕಾಕುವಿನ ಕಡೆ ತಿರುಗಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದರು. ಬಸ್ಸಿನಲ್ಲಿ ರಾಯಬಾಗದವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ನನಗೆ ಯಾಕೆಂದು ಆಗ ಹೊಳೆಯಲೇ ಇಲ್ಲ, ಅಷ್ಟು ನನ್ನದೇ ಸಂಭ್ರಮ.

ಚಹಾ ಸಪ್ಪೆಯಾಯಿತು. ಹಳದಿ ಹಸಿರಿಗೆ ಇಳಿಯಿತು. ಎಂಟನೆಯದೋ ಒಂಬತ್ತನೆಯದೋ ದಿನ, ಔಷಧ ಕುದಿದರೂ ನೀಲಿಯಾಗಿಯೇ ಉಳಿಯಿತು. ನಾನು ಅತ್ತುಬಿಟ್ಟೆ. ಕಾಕು ಮಾತ್ರ ದೀಪ ಆರಿಸುವುದನ್ನೂ ಮರೆತು ಆ ನೀಲಿಯನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು:

"ಅಂದ್ರ, ಅವರು ಪೇಡೆ ತಿಂದಿರಾಕಿಲ್ಲ... ಅಲ್ಲ?"

ಏನು ಹೇಳಬೇಕಿತ್ತು ನಾನು? ತಿಂದಿಲ್ಲವೆಂದರೆ ಆ ಮನುಷ್ಯನಿಗೆ ನ್ಯಾಯ, ಕಾಕುವಿಗೆ ಬದುಕಿರುವವರೆಗೂ ಸಂಕಟ. ಕೈಯಾರೆ ಕೊಟ್ಟ ಲೋಟಗಳನ್ನೆಲ್ಲ ಅವರು ನೆನೆಸಿಕೊಳ್ಳಬೇಕಾಗುತ್ತಿತ್ತು. ಹೆಚ್ಚು ಯೋಚಿಸದೆ ಹೇಳಿಬಿಟ್ಟೆ:

"ತಿಂದಿರಬೇಕ್ ಬಿಡ್ರಿ ಕಾಕು. ಗಂಡಸ್ರು ಕೇಳ್ತಾರೇನ್ರಿ?"

ಕಾಕು ದೀಪ ಆರಿಸಿದರು. ನಳಿಗೆ ತೊಳೆಯಲು ಎದ್ದು ಹೋದರು.

ಮಗಳು ಹುಟ್ಟಿದಳು, ಗಟ್ಟಿಯಾಗಿ ಅಳುತ್ತಲೇ. ಕಾಕು ಅವಳನ್ನು ಮಡಿಲಿನಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದರು. ಪೇಡೆಯ ಮಾತು ಮತ್ತೆ ಬರಲಿಲ್ಲ. ನಾವು ಊರು ಬಿಟ್ಟ ಮೇಲೆ ಅವರು ತೀರಿಕೊಂಡ ಸುದ್ದಿ ಕೂಡ ನನಗೆ ತಡವಾಗಿ ಮುಟ್ಟಿತು.

ಆ ದಿನ ಅವರು ನನ್ನಿಂದ ಯಾವ ಮಾತು ಬಯಸಿದ್ದರೋ, ಇಷ್ಟು ವರ್ಷವಾದರೂ ನನಗೆ ತಿಳಿಯದು. ಕೇಳೋಣವೆಂದರೆ ಕಾಕು ಇಲ್ಲ. ನನಗೆ ಗೊತ್ತಿರುವುದು ಇಷ್ಟೇ: ಬಸದಿಯಲ್ಲಿ ನಿಂತು ನಿಜ ಹೇಳಿದ್ದ ಒಬ್ಬ ಮನುಷ್ಯನನ್ನು, ಹೆಂಡತಿ ಕಡೆಗೂ ನಂಬಲು ಹೊರಟ ಗಳಿಗೆಯಲ್ಲಿ, ನಾನು ಮತ್ತೆ ಸುಳ್ಳುಗಾರನನ್ನಾಗಿ ಮಾಡಿದೆ.